ಕಾರಿನ ಹೆಸರು ಗೊತ್ತು, ಮರದ ಹೆಸರು?

(ಬೆಂಗಳೂರಿನ ಜಯನಗರದ ವಾಚನಾಲಯವೊಂದರಲ್ಲಿ ಭಾನುವಾರ ಬೆಳಿಗ್ಗೆ ನಡೆದ ತಿಂಗಳ ಮಾತುಕತೆಯಲ್ಲಿ ನಮ್ಮ ವರದಿಗಾರ್ತಿ ಆಡಿದ ಮಾತುಗಳ ಬರಹರೂಪ)



ಈ ವಾಚನಾಲಯದವರು ಮಾತಿಗೆ ಕರೆದಾಗ ನಾನು ಮೊದಲು ‘ಆಗುವುದಿಲ್ಲ’ ಎಂದೇ ಹೇಳಿದೆ. ನಾನು ಸಸ್ಯಶಾಸ್ತ್ರ ಓದಿದವಳಲ್ಲ, ಪಕ್ಷಿತಜ್ಞೆಯೂ ಅಲ್ಲ. ಪದವಿಯ ನಂತರ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ತಿಪಟೂರಿನ ಕಡೆಯಿಂದ ಒಂದು ಸೂಟ್‌ಕೇಸ್ ಹಿಡಿದು ಬಂದು, ಇಲ್ಲಿಂದ ಎರಡು ಅಡ್ಡರಸ್ತೆ ಆಚೆ ಮಹಡಿ ಮೇಲಿನ ಕೋಣೆಯೊಂದರಲ್ಲಿ ಬಾಡಿಗೆಗೆ ಇರುವವಳು. ಮಹಾನಗರದ ಗುಂಡಿ, ಕಸ, ನೀರು ಇವುಗಳ ಸುದ್ದಿ ಬರೆಯುವುದು ನನ್ನ ಕೆಲಸ. ಇಲ್ಲಿ ಕೂತಿರುವ ಹಲವರು ನಾನು ಹುಟ್ಟುವ ಮೊದಲೇ ಈ ಬಡಾವಣೆಯಲ್ಲಿ ಗಿಡ ನೆಟ್ಟವರು. ನಿಮಗೆ ಗಿಡಮರದ ವಿಷಯ ಹೇಳುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದ್ದರಿಂದ ನಾನು ಕಲಿಸಲು ಬಂದಿಲ್ಲ. ಒಂದು ತಪ್ಪು ಒಪ್ಪಿಕೊಳ್ಳಲು ಬಂದಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಏಪ್ರಿಲ್‌ನ ಒಂದು ಸಂಜೆ ಗಾಳಿ ಸಮೇತ ಮಳೆ ಬಂತು. ಬೆಂಗಳೂರಿನ ಬೇಸಿಗೆ ಮಳೆ ತಮಗೆ ಗೊತ್ತೇ ಇದೆ. ಅರ್ಧ ಗಂಟೆ ಆರ್ಭಟಿಸುತ್ತದೆ, ಮರುದಿನದ ಪತ್ರಿಕೆಗೆ ಎರಡು ಕಾಲಂ ಸುದ್ದಿ ಕೊಟ್ಟು ಹೋಗುತ್ತದೆ. ಅಂದು ನಮ್ಮ ಬಡಾವಣೆಯಲ್ಲಿ ಮರವೊಂದು ಬಿದ್ದು ಕಾರು ಜಖಂ ಆಯಿತು. ನಾನು ಓಡಿಹೋಗಿ ಸುದ್ದಿ ಮಾಡಿದೆ. ಕಾರು ಯಾವ ಕಂಪನಿಯದು, ಯಾವ ಬಣ್ಣ, ಕೊಂಡು ಎಷ್ಟು ತಿಂಗಳಾಗಿತ್ತು, ಮಾಲೀಕರು ಏನೆಂದರು, ಕರೆಂಟು ಎಷ್ಟು ಹೊತ್ತು ಇರಲಿಲ್ಲ, ಎಲ್ಲ ಬರೆದೆ.

ಮರುದಿನ ಕಚೇರಿಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. “ಏನಮ್ಮಾ, ಕಾರಿನ ಜಾತಕವನ್ನೆಲ್ಲ ಬರೆದಿದ್ದೀಯ. ಸತ್ತದ್ದು ಮರ ಅಲ್ಲವೇನಮ್ಮಾ? ಅದು ಯಾವ ಮರ ಅಂತ ಒಂದು ಮಾತು ಬರೀಬಾರದಿತ್ತಾ?”

“ದೊಡ್ಡ ಮರ ಅಜ್ಜೀ” ಎಂದೆ.

“ದೊಡ್ಡದು ಅನ್ನೋದು ಫೋಟೋದಲ್ಲೇ ಕಾಣುತ್ತಲ್ಲ” ಎಂದರು ಅವರು.

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಾಚಿಕೆಯಾದದ್ದು ಅದಕ್ಕಲ್ಲ. ನಮ್ಮೂರಿನಲ್ಲಿ ಹೆಸರಿಲ್ಲದ ಮರ ಎಂಬುದೇ ಇಲ್ಲ. ಅಲ್ಲಿ ‘ಹುಣಸೆ ಮರದ ಹತ್ತಿರ ಇಳ್ಕೊ’, ‘ಜೋಡಿ ಬೇವಿನ ಹೊಲ’, ‘ಅತ್ತಿಮರದ ಹಳ್ಳ’ ಎಂದೇ ದಾರಿ ಹೇಳುತ್ತಾರೆ. ಅಂಥ ಊರಿನಿಂದ ಬಂದ ನಾನು ಐದಾರು ವರ್ಷದಲ್ಲಿ ‘ಎಟಿಎಂ ಎದುರು’, ‘ಮೆಡಿಕಲ್ ಶಾಪ್ ಪಕ್ಕ’ ಎಂದು ದಾರಿ ಹೇಳುವವಳಾಗಿದ್ದೆ. ನಗರಕ್ಕೆ ಬಂದಮೇಲೆ ಮರಗಳೆಲ್ಲ ಒಟ್ಟಿಗೆ ‘ಮರ’ ಆಗಿಬಿಟ್ಟಿದ್ದವು.

ಫೋನ್ ಮಾಡಿದ ಅಜ್ಜಿ ನಮ್ಮ ಪಕ್ಕದ ಬೀದಿಯವರೇ ಎಂದು ಆಮೇಲೆ ತಿಳಿಯಿತು. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ, ಇನ್ನೊಂದು ಮಬ್ಬು. ಬೆಳಿಗ್ಗೆ ಆರಕ್ಕೆ ಬಡಾವಣೆಯ ಸುತ್ತು ಹಾಕುತ್ತಾರೆ. “ಬಾ, ನನಗೆ ಕಿವಿ ಇದೆ, ನಿನಗೆ ಕಣ್ಣಿದೆ, ಇಬ್ಬರೂ ಸೇರಿದರೆ ಒಂದು ಆಳಾಗುತ್ತೆ” ಎಂದರು. ಅಂದಿನಿಂದ ರಾತ್ರಿ ಪಾಳಿ ಇಲ್ಲದ ದಿನಗಳಲ್ಲಿ ಅವರ ಜೊತೆ ನಡೆಯುತ್ತಿದ್ದೇನೆ. ನಾನು ಇವತ್ತು ಹೇಳುವುದೆಲ್ಲ ಆ ಎರಡು ಕಿಲೋಮೀಟರಿನ ನಡಿಗೆಯಲ್ಲಿ ಕಂಡದ್ದು, ಆಮೇಲೆ ಪುಸ್ತಕ ತಿರುವಿ ಸರಿಯೋ ತಪ್ಪೋ ಎಂದು ನೋಡಿಕೊಂಡದ್ದು.

ಹೂವಿನ ಪಂಚಾಂಗ

ಜಯನಗರಕ್ಕೆ 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ಮಾಡಿದರು. ಅದರ ನೆನಪಿಗೆ ಅಶೋಕ ಪಿಲ್ಲರ್ ನಿಂತಿದೆ. ಇಷ್ಟು ನಮಗೆಲ್ಲ ಗೊತ್ತು. ಆದರೆ ನಮ್ಮ ರಸ್ತೆಗಳ ಮೇಲೆ ಹೂ ಸುರಿಸುವ ಮರಗಳ ಕಥೆ ಅದಕ್ಕಿಂತ ಹಳೆಯದು.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ಆ ಕಥೆಯ ತವರು. 1908ರಲ್ಲಿ ಅಲ್ಲಿಗೆ ಜರ್ಮನಿಯ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್ ಬಂದರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದಲ್ಲಿದ್ದು, ಬಳಿಕ ಮೈಸೂರು ಸಂಸ್ಥಾನದ ಸೇವೆಗೆ ಸೇರಿದವರು. 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬೋಳಾಗಿರಬಾರದು ಎಂಬ ಸರದಿ ಹೂವಿನ ಯೋಜನೆಯನ್ನು ಅವರ ಹೆಸರಿನೊಂದಿಗೇ ನೆನೆಯುತ್ತಾರೆ.

ಈ ಸರದಿಯನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಬೀದಿಯಲ್ಲಿ ಓದುವುದು ಸುಲಭ. ಅಕ್ಟೋಬರ್, ನವೆಂಬರ್ ತಿಂಗಳ ಬೆಳಿಗ್ಗೆ ಫುಟ್‌ಪಾತಿನಲ್ಲಿ ಉದ್ದ ಕೊಳವೆಯ ಬಿಳಿ ಹೂ ಹರಡಿದ್ದರೆ ಅದು ಆಕಾಶಮಲ್ಲಿಗೆ. ರಾತ್ರಿ ಅರಳುತ್ತದೆ, ಉದ್ದ ನಾಲಿಗೆಯ ಪತಂಗಗಳಿಗಾಗಿಯೇ ಆ ಉದ್ದ ಕೊಳವೆ, ಆ ಪರಿಮಳ. ಕತ್ತಲಲ್ಲಿ ಕಾಣಲೆಂದೇ ಬಿಳಿ ಬಣ್ಣ. ನಾವು ಏಳುವ ಹೊತ್ತಿಗೆ ಅದರ ಕೆಲಸ ಮುಗಿದಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಎಲೆ ಉದುರಿಸಿಕೊಂಡು ಗುಲಾಬಿ ಬಣ್ಣ ಹೊದೆಯುವುದು ಟಬೂಬಿಯಾ. ಫೆಬ್ರವರಿ ಹೊತ್ತಿಗೆ ಅದರದೇ ಕುಲದ ಹಳದಿ ಟಬೂಬಿಯಾ, ಜೊತೆಗೆ ನೇರಳೆ ಬಣ್ಣದ ಜಕರಂಡ. ಯುಗಾದಿಯ ಆಸುಪಾಸಿಗೆ ಹೊಂಗೆ. ಏಪ್ರಿಲ್, ಮೇ ಬಂತೆಂದರೆ ಕೆಂಪು ಗುಲ್‌ಮೊಹರ್ ಮತ್ತು ಹಳದಿ ಕಾಪರ್‌ಪಾಡ್. ಅಜ್ಜಿಗೆ ಈ ಇಂಗ್ಲಿಷ್ ಹೆಸರುಗಳ ಗೊಡವೆ ಇಲ್ಲ. “ಪರೀಕ್ಷೆ ಹೂ ಬಂತು” ಎನ್ನುತ್ತಾರೆ ಜಕರಂಡಕ್ಕೆ. “ರಜಾ ಹೂ” ಎನ್ನುತ್ತಾರೆ ಗುಲ್‌ಮೊಹರಿಗೆ. ಮೂವತ್ತು ವರ್ಷ ಪಾಠ ಮಾಡಿದವರ ಪಂಚಾಂಗ ಅದು.

ಈ ಪಟ್ಟಿಯಲ್ಲಿ ಹೊರಗಿನವರು ಎಷ್ಟು ಮಂದಿ ನೋಡಿ. ಜಕರಂಡ, ಟಬೂಬಿಯಾ ಅಮೆರಿಕ ಖಂಡದವು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಮೊಗ್ಗು ಹಿಸುಕಿದರೆ ಪಿಚಕಾರಿಯಂತೆ ನೀರು ಚಿಮ್ಮಿಸುವ ನೀರುಕಾಯಿ ಮರ ಆಫ್ರಿಕಾದ್ದು. ರಸ್ತೆಗೆ ಚಪ್ಪರ ಹಾಕಿದಂತೆ ಹರಡುವ ಮಳೆಮರ ಮಧ್ಯ ಮತ್ತು ದಕ್ಷಿಣ ಅಮೆರಿಕದಿಂದ ಬಂದದ್ದು. ಈ ಮಳೆಮರವನ್ನು ಒಂದು ಸಂಜೆ ನಿಂತು ನೋಡಬೇಕು. ಹೊತ್ತು ಮುಳುಗುತ್ತಿದ್ದಂತೆ ಎಲೆಗಳು ಜೋಡಿ ಜೋಡಿಯಾಗಿ ಮಡಚಿಕೊಳ್ಳುತ್ತವೆ. ಮೋಡ ದಟ್ಟವಾಗಿ ಕವಿದರೂ ಅಷ್ಟೇ. ಹಾಗಾಗಿ ಮಳೆ ನೀರು ನೇರ ನೆಲಕ್ಕೆ ಇಳಿಯುತ್ತದೆ, ಮರದ ಬುಡದಲ್ಲೂ ಹುಲ್ಲು ಬೆಳೆಯುತ್ತದೆ. ಇದರ ಅಂಟು ಕಾಯಿಗಳನ್ನು ಜಜ್ಜಿ ಉಂಡೆ ಮಾಡಿ ಹುಡುಗರು ಕ್ರಿಕೆಟ್ ಚೆಂಡು ಮಾಡಿಕೊಳ್ಳುತ್ತಿದ್ದರೆಂದು ಅಜ್ಜಿ ನೆನೆಯುತ್ತಾರೆ. ಅಂದು ಕಾರಿನ ಮೇಲೆ ಬಿದ್ದದ್ದು ಗುಲ್‌ಮೊಹರ್ ಎಂದು ನನಗೆ ಗೊತ್ತಾದದ್ದು ಸುದ್ದಿ ಅಚ್ಚಾಗಿ ಒಂದು ವಾರದ ಮೇಲೆ, ಉಳಿದಿದ್ದ ಬುಡದ ಬಳಿ ಬಿದ್ದಿದ್ದ ಕತ್ತಿಯಂಥ ಕಾಯಿ ನೋಡಿ.

ಮರಗಳು ತಾವಾಗಿ ಬಂದು ಸಾಲಾಗಿ ನಿಲ್ಲಲಿಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿ ನೆಡಲಾಯಿತು. ಎಳೆ ಸಸಿಯನ್ನು ನೆಟ್ಟರೆ ದನ ಮೇಯುತ್ತವೆ, ಮಕ್ಕಳು ಕೀಳುತ್ತಾರೆ ಎಂದು ಎತ್ತರಕ್ಕೆ ಬೆಳೆದ ಸಸಿಗಳನ್ನೇ ತಂದು, ಬೇಲಿ ಕಟ್ಟಿ ಕಾಪಾಡಿದರು. ಇಂದು ನಾವು ‘ಹಳೆಯ ಬೆಂಗಳೂರಿನ ನೆರಳು’ ಎನ್ನುವುದರಲ್ಲಿ ಬಹುಪಾಲು ನಲವತ್ತು ವರ್ಷದ ನೆರಳು. ಇದನ್ನು ನಾನು ಸಮಾಧಾನದ ಸಂಗತಿ ಎಂದೇ ತಿಳಿಯುತ್ತೇನೆ. ಹಿಂದಿನವರು ನಲವತ್ತು ವರ್ಷದಲ್ಲಿ ಮಾಡಿದ್ದನ್ನು ಮುಂದಿನವರೂ ಮಾಡಬಹುದಲ್ಲ.

ಕಾಂಪೌಂಡಿನ ಒಳಗೆ

ಬೀದಿಯ ಮರ ಸರ್ಕಾರದ್ದಾದರೆ ಕಾಂಪೌಂಡಿನ ಒಳಗಿನದು ಮನೆಯವರ ಮನಸ್ಸು. ಹಳೆಯ ಮನೆಗಳ ತೋಟಕ್ಕೆ ಒಂದು ವ್ಯಾಕರಣವಿದೆ. ಗೇಟಿನ ಪಕ್ಕ ನಂದಿಬಟ್ಟಲು, ದಾಸವಾಳ. ಮುಂಬಾಗಿಲ ಎದುರು ತುಳಸಿ. ಪಕ್ಕದ ಓಣಿಯಲ್ಲಿ ದೊಡ್ಡಪತ್ರೆ ಮತ್ತು ಕರಿಬೇವು. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ಬಾಳೆ. ಮೂಲೆಗೆ ಎರಡು ತೆಂಗು, ಒಂದು ಸೀಬೆ ಅಥವಾ ಮಾವು. ದೇವರಿಗೆ ಮುಂದೆ, ಅಡುಗೆಗೆ ಪಕ್ಕದಲ್ಲಿ, ಮಕ್ಕಳಿಗೆ ಹಿಂದೆ. ಬಚ್ಚಲು ನೀರು ಕೂಡ ವ್ಯರ್ಥವಾಗದ ಲೆಕ್ಕಾಚಾರ.

ಇನ್ನು ಬೆಳಗಿನ ಹೂ ಕೊಯ್ಯುವವರ ವಿಷಯ. ತಾವು ನಗುತ್ತಿದ್ದೀರಿ, ಇಲ್ಲಿಯೂ ಒಂದಿಬ್ಬರು ಇರಬಹುದು. ಕೈಯಲ್ಲಿ ಪ್ಲಾಸ್ಟಿಕ್ ಕವರು, ತುದಿಗೆ ಕೊಕ್ಕೆ ಕಟ್ಟಿದ ಕೋಲು. ಮನೆಯವರು ಏಳುವ ಮೊದಲೇ ದಾಸವಾಳವೆಲ್ಲ ಮಾಯ. ನಮ್ಮ ರಸ್ತೆಯ ಒಬ್ಬ ಯಜಮಾನರು ‘ಹೂ ಕೊಯ್ಯಬೇಡಿ’ ಎಂದು ಬೋರ್ಡು ಹಾಕಿದರು. ಮಾರನೆಯ ದಿನ ಬೋರ್ಡು ಸಿಕ್ಕಿಸಿದ್ದ ಕೊಂಬೆಯ ಹೂವೂ ಇರಲಿಲ್ಲ. ಪಾರಿಜಾತದ ಮನೆಯವರಿಗೆ ಮಾತ್ರ ಈ ಜಗಳವಿಲ್ಲ. ಆ ಹೂ ರಾತ್ರಿ ಅರಳಿ ಬೆಳಕು ಹರಿಯುವಷ್ಟರಲ್ಲಿ ತಾನಾಗಿ ಉದುರುತ್ತದೆ. ನೆಲಕ್ಕೆ ಬಿದ್ದದ್ದನ್ನು ಆಯ್ದು ದೇವರಿಗೇರಿಸಲು ಸಂಪ್ರದಾಯ ಒಪ್ಪಿದ ಹೂ ಅದು. ಕಾಂಪೌಂಡಿನಿಂದ ಈಚೆ ಬಿದ್ದದ್ದು ಬೀದಿಯವರ ಪಾಲು. ಅಜ್ಜಿ ಅಲ್ಲಿ ನಿಂತು ಸೆರಗಿನಲ್ಲಿ ಒಂದು ಹಿಡಿ ಆಯ್ದುಕೊಳ್ಳುತ್ತಾರೆ. “ಇದು ಕಳ್ಳತನ ಅಲ್ಲ ಕಣೇ, ಪ್ರಸಾದ” ಎನ್ನುತ್ತಾರೆ.

ಯಾರೂ ನೆಡದೇ ಬೆಳೆದ ಗಿಡಗಳೂ ಇವೆ. ಗೋಡೆ ಪಕ್ಕದ ಕರಿಬೇವಿನ ಸಸಿಗಳನ್ನು ಬಿತ್ತಿದ್ದು ಬಹುಮಟ್ಟಿಗೆ ಪಿಕಳಾರ, ಕೋಗಿಲೆಯಂಥ ಹಣ್ಣು ತಿನ್ನುವ ಹಕ್ಕಿಗಳು. ಹಣ್ಣಿನ ತಿರುಳು ಅವುಗಳ ಕೂಲಿ, ಬೀಜ ಸಾಗಿಸುವುದು ಕೆಲಸ. ಪ್ಯಾರಾಪೆಟ್ ಗೋಡೆಯ ಬಿರುಕಿನಲ್ಲಿ ಚಿಗುರುವ ಅರಳಿಯದೂ ಇದೇ ದಾರಿ. ಅಂಗಡಿ ಮುಂದಿನ ಗಸಗಸೆ ಹಣ್ಣಿನ ಮರ ಕೂಡ ಹೊರಗಿನದೇ, ಅಮೆರಿಕದ ಉಷ್ಣ ಪ್ರದೇಶದ್ದು. ಆದರೆ ಹಗಲು ಅಳಿಲು, ಪಿಕಳಾರ, ಶಾಲೆ ಬಿಟ್ಟ ಮಕ್ಕಳು, ರಾತ್ರಿ ಬಾವಲಿಗಳು ಹೀಗೆ ಎರಡು ಪಾಳಿಯಲ್ಲಿ ನಡೆಯುವ ಹೋಟೆಲು ಅದೊಂದೇ.

ಕೇಳುವ ಕಿವಿ

ಹಕ್ಕಿ ನೋಡುವುದೆಂದರೆ ದುರ್ಬೀನು ಬೇಕು, ರಂಗನತಿಟ್ಟಿಗೆ ಹೋಗಬೇಕು ಎಂದು ನಾನು ತಿಳಿದಿದ್ದೆ. ಅಜ್ಜಿಯ ಕ್ರಮವೇ ಬೇರೆ. ಅವರು ರಸ್ತೆಯ ನಡುವೆ ನಿಂತುಬಿಡುತ್ತಾರೆ. “ಅಗೋ, ಯಾವುದದು? ಹೋಗಿ ನೋಡಿ ಬಾ” ಎನ್ನುತ್ತಾರೆ. ನಾನು ಕತ್ತೆತ್ತಿ ಹುಡುಕಬೇಕು. ಮನೆಗೆ ಬಂದು ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ತೆಗೆದು ನೋಡಬೇಕು. ಈಗ ಮೊಬೈಲ್‌ನಲ್ಲಿ ದನಿ ಕೇಳಿಸಿದರೆ ಹೆಸರು ಹೇಳುವ ಸೌಕರ್ಯವೂ ಇದೆ. ಅದು ತಪ್ಪು ಹೇಳಿದ ದಿನ ಅಜ್ಜಿಗೆ ಬಹಳ ಖುಷಿ.

ಮೊದಲ ತಿಂಗಳಲ್ಲಿ ಕಲಿತದ್ದು ಇಷ್ಟು. ‘ಕುಟ್ರೂ ಕುಟ್ರೂ’ ಎಂದು ಬಿಡದೆ ಕೂಗಿ ಕಣ್ಣಿಗೆ ಬೀಳದ್ದು ಕುಟ್ರು ಹಕ್ಕಿ. ಮೈ ಎಲೆಯ ಹಸಿರು, ಎಲೆಯ ನಡುವೆಯೇ ಕೂತಿರುತ್ತದೆ. ಅದು ಒಣಗಿದ ಕೊಂಬೆಯಲ್ಲಿ ರೂಪಾಯಿ ಅಗಲದ ಗುಂಡನೆಯ ತೂತು ಕೊರೆದು ಗೂಡು ಮಾಡುತ್ತದೆ. ಅದು ಬಿಟ್ಟುಹೋದ ಪೊಟರೆ ಮಡಿವಾಳ ಹಕ್ಕಿಯಂಥವರಿಗೆ ಬಾಡಿಗೆ ಮನೆಯಾಗುತ್ತದೆ. ನಾವು ‘ಒಣಕೊಂಬೆ, ಕಡಿಸಿ’ ಎಂದು ಅರ್ಜಿ ಕೊಡುವಾಗ ಒಮ್ಮೆ ಕತ್ತೆತ್ತಿ ನೋಡಬೇಕಾದದ್ದು ಇದಕ್ಕೆ. ತಲೆಯ ಮೇಲೆ ಬೀಳುವಂತಿದ್ದರೆ ಕಡಿಸಲೇಬೇಕು. ಇಲ್ಲದಿದ್ದರೆ ಅದು ಯಾರದೋ ಮನೆ.

ಕೋಗಿಲೆಯ ವಿಷಯದಲ್ಲಿ ನಾನು ಇಪ್ಪತ್ತೈದು ವರ್ಷ ತಪ್ಪು ತಿಳಿದಿದ್ದೆ. ಕವಿಗಳು ಹೆಣ್ಣಿನ ಕಂಠವನ್ನು ಕೋಗಿಲೆಗೆ ಹೋಲಿಸುತ್ತಾರೆ; ‘ಕುಹೂ’ ಎಂದು ಹಾಡುವುದು ಗಂಡು. ಅದರ ಮೈ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆಗಳ ಹಕ್ಕಿ. ಮೊಟ್ಟೆ ಇಡುವುದು ಕಾಗೆಯ ಗೂಡಿನಲ್ಲಿ. ಅಂದರೆ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲಿ ಕೋಗಿಲೆ ಹಾಡಬೇಕಾದರೆ ಕಾಗೆ ಗೂಡು ಕಟ್ಟುವಂಥ ಮರವೊಂದು ಉಳಿದಿರಬೇಕು.

ರಾತ್ರಿ ಪಾಳಿ ಮುಗಿಸಿ ಬರುವಾಗ ಬೀದಿದೀಪದ ತಂತಿಯ ಮೇಲೆ ಕೂತು ತಲೆ ಕುಣಿಸುವ ಪುಟ್ಟ ಗೂಬೆಯನ್ನು ಕಂಡು ಮೊದಲು ಹೆದರಿದ್ದೆ. ಅದೇ ಹಾಲಕ್ಕಿ. ಬುಡಬುಡಿಕೆಯವರು ಶಕುನ ಹೇಳುವಾಗ ಹೆಸರು ಹಿಡಿಯುವ ಹಕ್ಕಿ ಇದೇ. ದೀಪಕ್ಕೆ ಮುತ್ತುವ ಹುಳುಗಳೂ ಇಲಿಮರಿಗಳೂ ಅದರ ಆಹಾರ. ಅಶುಭ ಎಂದು ಕಲ್ಲು ಹೊಡೆಯುವವರಿಗೆ ಇಷ್ಟು ಹೇಳಿದರೆ ಸಾಕು.

ಗುಬ್ಬಚ್ಚಿ ಎಲ್ಲಿ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ‘ಮೊಬೈಲ್ ಟವರಿನಿಂದ ಸತ್ತವು’ ಎಂದು ನಾನೇ ಒಮ್ಮೆ ಬರೆದಿದ್ದೆ. 2020ರಲ್ಲಿ ಪ್ರಕಟವಾದ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ನೋಡಿದ ಮೇಲೆ ಆ ವಾಕ್ಯಕ್ಕೆ ನಾಚಿದೆ. ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಯ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಕ್ರಮೇಣ ಇಳಿದಿದೆ. ಟವರಿನ ಮೇಲಿನ ಆರೋಪಕ್ಕೆ ಸಾಕಷ್ಟು ಆಧಾರವಿಲ್ಲ ಎನ್ನುತ್ತದೆ ಅದು. ಸಂಭವನೀಯ ಕಾರಣಗಳು ನಮ್ಮ ಮನೆಯಲ್ಲೇ ಇವೆ. ಹಂಚಿನ ಸಂದು, ವೆಂಟಿಲೇಟರು, ಗೋಡೆಯ ಫೋಟೋದ ಹಿಂಭಾಗ ಇವು ಅದರ ಗೂಡಿನ ಜಾಗಗಳಾಗಿದ್ದವು. ಈಗ ಗಾಜು, ಜಾಲರಿ. ದೊಡ್ಡ ಗುಬ್ಬಿ ಕಾಳು ತಿಂದು ಬದುಕಬಹುದು. ಮರಿಗೆ ಮೃದುವಾದ ಹುಳುವೇ ಬೇಕು. ಮಣ್ಣು ಕಾಣದಂತೆ ಟೈಲ್ಸ್ ಹಾಸಿದ ಅಂಗಳದಲ್ಲಿ ಹುಳು ಎಲ್ಲಿಂದ ಬರಬೇಕು? ವರ್ಷಕ್ಕೊಮ್ಮೆ ಮಾರ್ಚ್ 20ರಂದು ಗುಬ್ಬಚ್ಚಿ ದಿನ ಆಚರಿಸಿ ಅಕ್ಕಿ ಎರಚುತ್ತೇವೆ. ಅದಕ್ಕೆ ಬೇಕಾದದ್ದು ಅಕ್ಕಿಗಿಂತ ಒಂದು ಚದರ ಗಜ ಮಣ್ಣು.

ಖಾಲಿ ಸೈಟಿನ ಔಷಧಾಲಯ

ನಮ್ಮ ದಾರಿಯಲ್ಲಿ ಒಂದು ಖಾಲಿ ಸೈಟು ಇದೆ, 40–60ರದು. ಕೋರ್ಟಿನಲ್ಲಿ ಅಣ್ಣ ತಮ್ಮಂದಿರ ವ್ಯಾಜ್ಯವಂತೆ. ಅಲ್ಲಿ ಕಾಂಗ್ರೆಸ್ ಗಿಡ ಮೊದಲು ಕಾಣುತ್ತದೆ. ಪಾರ್ಥೇನಿಯಂ ಎಂಬ ಈ ಅಮೆರಿಕದ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿತು. ಆದರೆ ಬಗ್ಗಿ ನೋಡಿದರೆ ಅದರ ನಡುವೆಯೇ ತುಂಬೆ, ಉತ್ತರಾಣಿ, ನೆಲನೆಲ್ಲಿ, ಗರಿಕೆ. ಮೂಲೆಯಲ್ಲಿ ಎಕ್ಕ. ಗಣೇಶನ ಹಬ್ಬದ ಹಿಂದಿನ ದಿನ ಮಾರುಕಟ್ಟೆಯಲ್ಲಿ ಕಟ್ಟಿಗೆ ಇಷ್ಟೆಂದು ದುಡ್ಡು ಕೊಟ್ಟು ತರುವ ಪತ್ರೆಗಳಲ್ಲಿ ಹಲವು ಇಲ್ಲೇ ಪುಕ್ಕಟೆ ಇವೆ. ಎಕ್ಕದ ಎಲೆ ತಿಂದು ಬೆಳೆಯುವ ಚಿಟ್ಟೆಯ ಹುಳುಗಳನ್ನೂ ಅಲ್ಲಿ ಕಂಡಿದ್ದೇನೆ. ವ್ಯಾಜ್ಯ ಬೇಗ ಮುಗಿಯದಿರಲಿ ಎಂದು ಬೇಡಿಕೊಳ್ಳುವುದು ತಪ್ಪು. ಆದರೂ ಒಳಗೊಳಗೆ ಬೇಡಿಕೊಂಡಿದ್ದುಂಟು.

ಇತರೆ – 1

ಈಗ ನಾನು ಹೇಳಬೇಕೆಂದು ಬಂದ ಮಾತು. ಹೋದ ವರ್ಷ ನಮ್ಮ ಅಡ್ಡರಸ್ತೆಯ ಮೂಲೆಯ ಹಳೆಯ ಮನೆ ಮಾರಾಟವಾಯಿತು. ನಾಲ್ಕು ಅಂತಸ್ತಿನ ಕಟ್ಟಡ ಏಳುವುದಿತ್ತು. ಒಂದು ದಿನ ಗೇಟಿನ ಮುಂದಿನ ಮರಕ್ಕೆ ಸಂಬಂಧಪಟ್ಟ ಕಚೇರಿಯ ಚೀಟಿಯೊಂದು ಅಂಟಿತ್ತು. ತೆರವಿಗೆ ಅರ್ಜಿ ಬಂದಿದೆ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದು. ಕೆಳಗೆ ಮರದ ಜಾತಿ ಬರೆಯುವ ಜಾಗದಲ್ಲಿ ‘ಇತರೆ – 1’ ಎಂದಿತ್ತು.

ಅದು ಹೊಂಗೆ. ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಹೊಂಗೆಯನ್ನು ಪರಿಚಯಿಸಬೇಕಿಲ್ಲ. ಅದರ ಎಣ್ಣೆ ದೀಪಕ್ಕೆ, ಹಿಂಡಿ ಮತ್ತು ಸೊಪ್ಪು ಹೊಲಕ್ಕೆ, ನೆರಳು ದನಕ್ಕೂ ದಾರಿಹೋಕರಿಗೂ. ಬಿಸಿಲು ಏರುವ ಕಾಲಕ್ಕೇ ಹೊಸ ಚಿಗುರು ಬಿಡುವ ಮರ. ದ್ವಿದಳ ಧಾನ್ಯದ ಕುಲದ್ದಾದ್ದರಿಂದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ. ಅಂಥ ಮರ ಸರ್ಕಾರಿ ಕಾಗದದಲ್ಲಿ ‘ಇತರೆ’.

ನನಗೆ ಕೋಪ ಬಂತು. ಮರುಕ್ಷಣವೇ ನೆನಪಾಯಿತು, ಮೂರು ವರ್ಷದ ಹಿಂದೆ ನಾನು ಬರೆದದ್ದೂ ಅದನ್ನೇ. ‘ಮರವೊಂದು ಬಿದ್ದು’ ಎಂಬುದಕ್ಕೂ ‘ಇತರೆ – 1’ ಎಂಬುದಕ್ಕೂ ಏನು ವ್ಯತ್ಯಾಸ?

ಅಜ್ಜಿ ಬಟ್ಟೆ ಹೊಲಿಯುವ ಟೇಪು ತಂದರು. ಒಂದು ಟೇಪು ಸಾಲದೆ ಎರಡು ಸಲ ಹಿಡಿದು ಅಳೆದೆವು. ಎದೆಮಟ್ಟದಲ್ಲಿ ಸುತ್ತಳತೆ 6 ಅಡಿ 4 ಅಂಗುಲ. ಕಾಗೆ ಗೂಡು ಒಂದು, ಸೂರಕ್ಕಿಯ ಜೋತಾಡುವ ಗೂಡು ಒಂದು. ಮಧ್ಯಾಹ್ನ ಆ ನೆರಳಿನಲ್ಲಿ ನಿಲ್ಲುವವರು: ಇಸ್ತ್ರಿ ಗಾಡಿಯವರು, ಸೊಪ್ಪಿನವರು, ಎರಡು ಆಟೊ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಬೀದಿಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮರವಿರುವ ಬೀದಿಯ ಮಧ್ಯಾಹ್ನದ ಗಾಳಿ ಮರವಿಲ್ಲದ ಬೀದಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ, ರಸ್ತೆಯ ಮೈ 27.5 ಡಿಗ್ರಿವರೆಗೆ ತಂಪಾಗಿರುವುದನ್ನು ಅದು ತೋರಿಸಿದೆ. ಇಷ್ಟನ್ನೂ ಬರೆದೆವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿ ಬಿಟ್ಟರೆ, ಸ್ವಂತ ಜಾಗದ ಮರವನ್ನೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ ಎಂಬುದನ್ನೂ ನೆನಪಿಸಿದೆವು. ಬೀದಿಯ ಇಪ್ಪತ್ತೆರಡು ಮನೆಯವರು ಸಹಿ ಹಾಕಿದರು. ಹೂ ಕೊಯ್ಯುವವರೂ ಹಾಕಿದರು.

ಅಧಿಕಾರಿಯೊಬ್ಬರು ಬಂದು ನೋಡಿದರು. ಕಟ್ಟಡದವರೊಂದಿಗೂ ಮಾತಾಯಿತು. ಕಾರು ಒಳಬರುವ ಇಳಿಜಾರನ್ನು ಏಳು ಅಡಿ ಎಡಕ್ಕೆ ಸರಿಸಿದರೆ ಮರ ಉಳಿಯುತ್ತದೆ ಎಂದಾಯಿತು, ಸರಿಸಿದರು. ಎರಡು ಕೊಂಬೆ ಹೋಯಿತು. ಹೊಂಗೆ ಇಂದಿಗೂ ನಿಂತಿದೆ.

ಇಲ್ಲಿಗೆ ಮುಗಿಸಿದ್ದರೆ ಇದು ಪತ್ರಿಕೆಯಲ್ಲಿ ಹಾಕುವಂಥ ಗೆಲುವಿನ ಸುದ್ದಿ. ಆದರೆ ಇನ್ನೊಂದು ಮಾತಿದೆ. ನಾವು ಹೊಂಗೆಯ ಕಾಗದ ಹಿಡಿದು ಓಡಾಡುತ್ತಿದ್ದ ವಾರ, ಒಂದು ಭಾನುವಾರ, ಅದೇ ಮನೆಯ ಒಳಗಿನಿಂದ ಗರಗಸದ ಸದ್ದು ಬಂತು. ಹಳೆಯ ಮರದ ಬಾಗಿಲು ಕೊಯ್ಯುತ್ತಿರಬೇಕು ಎಂದುಕೊಂಡೆವು. ಎರಡು ದಿನದ ಮೇಲೆ ಸಂಜೆ ಆ ಮೂಲೆಯಲ್ಲಿ ಅಜ್ಜಿ ನಿಂತುಬಿಟ್ಟರು. “ವಾಸನೆ ಎಲ್ಲಿ ಹೋಯಿತೇ?” ಎಂದರು.

ಆ ತಿರುವಿನಲ್ಲಿ ಸಂಜೆ ಹೊತ್ತು ಸಂಪಿಗೆಯ ವಾಸನೆ ಬರುತ್ತಿತ್ತು. ಮೂರು ವರ್ಷ ಇಬ್ಬರೂ ಅದನ್ನು ಉಸಿರಾಡಿದ್ದೆವು. ಯಾವ ಮನೆಯದು, ಮರ ಎಷ್ಟು ದೊಡ್ಡದು ಎಂದು ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಅದು ಆ ಮನೆಯ ಹಿತ್ತಿಲಲ್ಲಿತ್ತು. ಅನುಮತಿ ಇತ್ತೇ ಇಲ್ಲವೇ ಎಂದು ವಿಚಾರಿಸುವ ಹೊತ್ತಿಗೆ ಬುಡದ ಮೇಲೆ ಜಲ್ಲಿ ರಾಶಿ ಬಿದ್ದಿತ್ತು. ಹೊಂಗೆಯ ಹೆಸರು, ಅಳತೆ, ಗೂಡು ಎಲ್ಲ ನಮಗೆ ಗೊತ್ತಿದ್ದುದರಿಂದ ಅದರ ಪರವಾಗಿ ನಾಲ್ಕು ಸಾಲು ಬರೆಯಲಾಯಿತು. ಸಂಪಿಗೆಯ ಬಗ್ಗೆ ನಮ್ಮ ಬಳಿ ಒಂದು ಸಾಲೂ ಇರಲಿಲ್ಲ. ಅಜ್ಜಿ ಆ ದಿನ ಮುಂದೆ ನಡೆಯಲಿಲ್ಲ. “ಕಣ್ಣು ಮಬ್ಬು ಅಂತ ನಾನು, ಮೂಗಿಗೆ ಬಂತಲ್ಲ ಸಾಕು ಅಂತ ನೀನು. ಇಬ್ಬರೂ ಸೋಮಾರಿಗಳೇ” ಎಂದು ಹೇಳಿ ಹಿಂದಿರುಗಿದರು.

ಒಂದು ನೋಟ್‌ಬುಕ್ ಸಾಕು

ಅಂದಿನಿಂದ ನಾವು ಒಂದು ನೋಟ್‌ಬುಕ್ ಇಟ್ಟಿದ್ದೇವೆ, ಇನ್ನೂರು ಪುಟದ್ದು. ಒಂದೊಂದು ಬೀದಿಗೆ ನಾಲ್ಕು ಪುಟ. ಮನೆ ಸಂಖ್ಯೆ, ಎದುರಿನ ಮರ, ಸುತ್ತಳತೆ, ಯಾವ ತಿಂಗಳು ಹೂ, ಯಾವ ಹಕ್ಕಿ ಗೂಡು. ರಸ್ತೆಯಿಂದ ಕಾಣುವ ಹಿತ್ತಿಲ ಮರಗಳಿಗೆ ಬೇರೆ ಕಾಲಂ. ಗೊತ್ತಿಲ್ಲದ ಮರಕ್ಕೆ ‘ಇತರೆ’ ಎಂದು ಬರೆಯುವುದಿಲ್ಲ. ಪ್ರಶ್ನೆ ಚಿಹ್ನೆ ಹಾಕಿ, ಒಂದು ಎಲೆ ಅಂಟಿಸಿ, ತಿಳಿದವರನ್ನು ಕೇಳುತ್ತೇವೆ. ಇದುವರೆಗೆ ಏಳು ಬೀದಿಯಲ್ಲಿ 143 ಮರ ಆಗಿದೆ. ಅದರಲ್ಲಿ 9ಕ್ಕೆ ಇನ್ನೂ ಪ್ರಶ್ನೆ ಚಿಹ್ನೆ ಇದೆ.

ನಮ್ಮಲ್ಲಿ ಇದಕ್ಕೆ ದೊಡ್ಡ ಹಿರಿಯರಿದ್ದಾರೆ. ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸಸ್ಯ ಹುಡುಕಿ ಅಲೆದ ‘ಹಸುರು ಹೊನ್ನು’ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಿಡಗಳ ಪುಸ್ತಕಕ್ಕೆ ಸಾಹಿತ್ಯದ ಪ್ರಶಸ್ತಿ ಕೊಡಬಲ್ಲ ಭಾಷೆ ನಮ್ಮದು. ಅಂಥ ಭಾಷೆಯ ಪತ್ರಿಕೆಯಲ್ಲಿ ‘ಮರವೊಂದು’ ಎಂದು ಬರೆಯುವುದು ಇನ್ನು ನನ್ನಿಂದಾಗದು. ಈಗ ಮಳೆಗೆ ಮರ ಬಿದ್ದ ಸುದ್ದಿ ಬಂದರೆ ಮೊದಲು ಮರದ ಹೆಸರು ಕೇಳುತ್ತೇನೆ. ಸುದ್ದಿಮನೆಯಲ್ಲಿ ನಗುತ್ತಾರೆ, ಆದರೆ ಹೆಸರನ್ನು ತೆಗೆದುಹಾಕುವುದಿಲ್ಲ.

ತಮ್ಮಲ್ಲಿ ನನ್ನ ಬೇಡಿಕೆ ಚಿಕ್ಕದು. ಈ ಸಭೆ ಮುಗಿದ ಮೇಲೆ ಮನೆಗೆ ನಡೆದೇ ಹೋಗಿ. ನಿಮ್ಮ ಗೇಟಿನ ಎದುರಿನ ಮರದ ಹೆಸರು ಗೊತ್ತಿದೆಯೇ ನೋಡಿಕೊಳ್ಳಿ. ಗೊತ್ತಿದ್ದರೆ ಮೊಮ್ಮಕ್ಕಳಿಗೆ ಹೇಳಿ. ಗೊತ್ತಿಲ್ಲದಿದ್ದರೆ ಒಂದು ಎಲೆ ತೆಗೆದುಕೊಂಡು ಮುಂದಿನ ತಿಂಗಳು ಇಲ್ಲಿಗೆ ಬನ್ನಿ. ಅಜ್ಜಿ ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ನೋಟ್‌ಬುಕ್ ಅವರ ಕೈಚೀಲದಲ್ಲಿದೆ. ಆ ಒಂಬತ್ತು ಪ್ರಶ್ನೆ ಚಿಹ್ನೆಗಳಲ್ಲಿ ಒಂದಕ್ಕೆ ಉತ್ತರ ಇಲ್ಲೇ ಯಾರಿಗಾದರೂ ಗೊತ್ತಿರಬಹುದು.